ಯಂತ್ರದ ಬಾಡಿಗೆ ಲೆಕ್ಕಕ್ಕೆ ಯಾವ ಗಣಕ ಭಾಷೆ?

ಒಂದು ಪವರ್ ಟಿಲ್ಲರನ್ನು ಒಂಬತ್ತು ಮನೆಯವರು ಹಂಚಿಕೊಂಡರೆ ಜಗಳ ಶುರುವಾಗುವುದು ಲೆಕ್ಕದಲ್ಲಿ. ಯಾರ ಗದ್ದೆಯಲ್ಲಿ ಎಷ್ಟು ಗಂಟೆ ಓಡಿತು, ಡೀಸೆಲ್ ಯಾರು ಹಾಕಿಸಿದರು, ಬಾಡಿಗೆ ಯಾರದ್ದು ಬಾಕಿ - ಇದಿಷ್ಟೂ ನೆನಪಿನ ಮೇಲೆ ನಡೆದರೆ ಎರಡನೇ ವರ್ಷಕ್ಕೆ ಮಾತು ಬಿಡುವವರು ಹುಟ್ಟಿಕೊಳ್ಳುತ್ತಾರೆ. ಟಿಲ್ಲರ್ ಕೆಟ್ಟರೆ ಮೆಕ್ಯಾನಿಕ್ ಸಿಗುತ್ತಾನೆ. ನಂಬಿಕೆ ಕೆಟ್ಟರೆ ಮೆಕ್ಯಾನಿಕ್ ಎಲ್ಲಿ?

ನಂಜನಗೂಡು ತಾಲೂಕಿನ ನಮ್ಮ ಗುಂಪಿಗೆ ಟಿಲ್ಲರ್, ಕಳೆ ಕೊಚ್ಚುವ ಯಂತ್ರ, ಪವರ್ ಸ್ಪ್ರೇಯರ್ ಮೂರೂ ಒಟ್ಟಿನ ಆಸ್ತಿ. ಮೊದಲು ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದೆವು. ಆಮೇಲೆ ಸದಸ್ಯರೊಬ್ಬರ ಮನೆಗೆ ಹಳೇ ಕಂಪ್ಯೂಟರ್ ಬಂತು. ಅವರ ನೆಂಟರ ಹುಡುಗ ರಜೆಯಲ್ಲಿ ಕೂತು ಒಂದು ಪ್ರೋಗ್ರಾಮ್ ಬರೆದುಕೊಟ್ಟ. ಹೆಸರು ಆರಿಸಿ, ಗಂಟೆ ಹಾಕಿ, ಒತ್ತಿದರೆ ಆಯ್ತು. ಬಾಕಿ ಎಷ್ಟೂಂತ ಬಂದುಬಿಡುತ್ತಿತ್ತು. ಏಳು ವರ್ಷ ಚೆನ್ನಾಗೇ ನಡೆಯಿತು.

ಒಂದು ಮಳೆಗಾಲ ಸಿಡಿಲಿಗೆ ಕಂಪ್ಯೂಟರ್ ಹೋಯಿತು. ಒಳಗಿನ ಹಾರ್ಡ್ ಡಿಸ್ಕ್ ಮಾತ್ರ ಉಳಿದಿತ್ತು. ಅದನ್ನು ಬೇರೆ ಕಂಪ್ಯೂಟರಿಗೆ ಜೋಡಿಸಿದೆವು. ಪ್ರೋಗ್ರಾಮ್ ಏಳಲೇ ಇಲ್ಲ. ಅದರ ಜೊತೆಗಿರಬೇಕಾದ ಸಹಾಯಕ ಫೈಲುಗಳು ಹೊಸ ಯಂತ್ರದಲ್ಲಿ ಇರಲಿಲ್ಲ. ಹುಡುಗ ಬರೆದ ಮೂಲ ಬರಹ ನಮ್ಮ ಹತ್ತಿರ ಇರಲಿಲ್ಲ. ಹುಡುಗ ಊರಲ್ಲೇ ಇರಲಿಲ್ಲ, ಹೊರದೇಶ ಸೇರಿದ್ದ. ಆ ಹೊತ್ತಿಗೆ ಎರಡು ಮನೆಯವರ ನಡುವೆ ಏಳು ಸಾವಿರದ ಚಿಲ್ಲರೆ ರೂಪಾಯಿಯ ಬಾಕಿ ಇತ್ತು. ಇಬ್ಬರ ನೆನಪೂ ಬೇರೆ ಬೇರೆ! ಗುಂಪು ಒಡೆಯುವುದಕ್ಕೆ ಇಷ್ಟು ಸಾಕಲ್ಲ?

"ಇನ್ಮೇಲೆ ಯಾರನ್ನೂ ನೆಚ್ಚಿಕೊಳ್ಳೋದು ಬೇಡ, ನಾವೇ ಕಲಿಯೋಣ" ಅಂತ ತೀರ್ಮಾನ ಆಯಿತು. ಆಗ ಎದ್ದ ಪ್ರಶ್ನೆ: ಕಲಿಯುವುದಾದರೆ ಯಾವ ಭಾಷೆ? ಕಂಪ್ಯೂಟರಿಗೆ ಕೆಲಸ ಹೇಳುವ ಭಾಷೆಗಳು ನೂರಾರು. ಒಬ್ಬೊಬ್ಬರು ಒಂದೊಂದು ಹೆಸರು ಹೇಳುತ್ತಾರೆ. ನಾವು ಹೇಗೆ ಆರಿಸಿದೆವು, ಯಾಕೆ ಆರಿಸಿದೆವು ಎಂಬುದನ್ನು ಇಲ್ಲಿ ಬರೆದಿದ್ದೇನೆ. ಸ್ವಸಹಾಯ ಗುಂಪು, ನೀರು ಬಳಕೆದಾರರ ಸಂಘ, ಕೂಲಿ ಲೆಕ್ಕ, ಹಸುವಿನ ಲೆಕ್ಕ ಇಟ್ಟುಕೊಳ್ಳುವವರಿಗೆ ಪ್ರಯೋಜನ ಆದೀತು.

ಲಷ್ಕರ್ ಮೊಹಲ್ಲಾದ ಭಾನುವಾರಗಳು

ಮೈಸೂರಿನ ಗ್ರಾಮಾಂತರ ಬಸ್ ನಿಲ್ದಾಣದಲ್ಲಿ ಇಳಿದು ಅಶೋಕ ರಸ್ತೆ ಹಿಡಿದರೆ ಸಂತ ಫಿಲೋಮಿನಾ ಚರ್ಚಿನ ಜೋಡಿ ಗೋಪುರ ಕಾಣುತ್ತದೆ. ಆ ಸುತ್ತಿನ ಗಲ್ಲಿಗಳೇ ಲಷ್ಕರ್ ಮೊಹಲ್ಲಾ. ಲಷ್ಕರ್ ಅಂದರೆ ಸೈನ್ಯ. ಹಳೆಯ ಕಾಲದ ಹೆಸರು ಹಾಗೇ ಉಳಿದಿದೆ. ಅಲ್ಲೊಂದು ಗಲ್ಲಿಯಲ್ಲಿ ಪಾಲಿಟೆಕ್ನಿಕ್‌ನಿಂದ ನಿವೃತ್ತರಾದ ಮೇಷ್ಟ್ರೊಬ್ಬರಿದ್ದಾರೆ. ಹಳೇ ಕಂಪ್ಯೂಟರ್ ರಿಪೇರಿ ಮಾಡುವ ಅಳಿಯನ ಅಂಗಡಿಯ ಹಿಂಬದಿ ಕೋಣೆಯಲ್ಲಿ ಭಾನುವಾರ ಹೊತ್ತು ಕಳೆಯುತ್ತಾರೆ. ನಮ್ಮ ಹಾರ್ಡ್ ಡಿಸ್ಕ್ ಹಿಡಿದು ಹೋದವರು ನಾನು ಮತ್ತು ಗುಂಪಿನ ಸದಸ್ಯರೊಬ್ಬರ ಮಗಳು, ಆಗಷ್ಟೇ ಪಿಯುಸಿ ಮುಗಿಸಿದವಳು.

ಮೇಷ್ಟ್ರು ಡಿಸ್ಕಿನೊಳಗೆ ಹುಡುಕಿ ಲೆಕ್ಕದ ಫೈಲು ತೆಗೆದರು. ಅಂಕಿಗಳೆಲ್ಲ ಸರಿಯಾಗಿದ್ದವು. ಹೆಸರುಗಳ ಜಾಗದಲ್ಲಿ ಮಾತ್ರ ಇಂಗ್ಲಿಷ್ ಅಕ್ಷರ, ಚಿಹ್ನೆ ಕಲಸಿಹೋದಂಥ ಗೋಜಲು. ಅದು ಹಳೇ ಕನ್ನಡ ಫಾಂಟಿನ ಕಥೆ, ಮುಂದೆ ಹೇಳುತ್ತೇನೆ. ಪರಿವರ್ತಕ ತಂತ್ರಾಂಶದಲ್ಲಿ ಹಾಯಿಸಿದ ಮೇಲೆ ಒಂಬತ್ತು ಹೆಸರೂ ಓದಲು ಬಂದವು. ಆ ಎರಡು ಮನೆಯ ಬಾಕಿಯೂ ಸಿಕ್ಕಿತು. ಇಬ್ಬರು ಹೇಳುತ್ತಿದ್ದುದೂ ಪೂರ್ತಿ ಸರಿ ಇರಲಿಲ್ಲ!

"ಮೇಷ್ಟ್ರೇ, ನಾವೇ ಬರ್ಕೋಬೇಕು ಅಂದ್ರೆ ಯಾವ ಭಾಷೆ ಒಳ್ಳೇದು?" ಅಂದೆ.

"ಯಜಮಾನ್ರೇ, ನಿಮ್ಮ ಹೊಲಕ್ಕೆ ಯಾವ ಭತ್ತ ಒಳ್ಳೇದು ಅಂತ ನಾನು ಕೇಳಿದ್ರೆ ನೀವೇನ್ ಹೇಳ್ತೀರಿ?"

"ನೀರು ಎಷ್ಟಿದೆ, ಮಣ್ಣು ಯಾವುದು, ತಿನ್ನೋಕೋ ಮಾರೋಕೋ ಅಂತ ಕೇಳ್ತೀನಿ."

"ಸರಿ ಮತ್ತೆ. ಭಾಷೆ ಹೆಸರು ಆಮೇಲೆ. ಮೊದಲು ನಿಮ್ಮ ಲೆಕ್ಕ ಏನು ಅಂತ ಒಂದು ಹಾಳೇಲಿ ಬರ್ಕೊಂಡು ಬನ್ನಿ."

ಮುಂದಿನ ಭಾನುವಾರ ಬರೆದುಕೊಂಡು ಹೋದೆವು. ಒಂದು ಪಟ್ಟಿಯಲ್ಲಿ ಸದಸ್ಯರು. ಒಂದರಲ್ಲಿ ಯಂತ್ರಗಳು, ಅವುಗಳ ಗಂಟೆಯ ದರ. ಮೂರನೆಯದರಲ್ಲಿ ದಿನದ ಕೆಲಸ: ತಾರೀಕು, ಯಾರಿಗೆ, ಯಾವ ಯಂತ್ರ, ಎಷ್ಟು ಗಂಟೆ. ನಾಲ್ಕನೆಯದರಲ್ಲಿ ಕೊಟ್ಟ ಹಣ. ಕೊನೆಗೆ ಬೇಕಾದ್ದು ತಿಂಗಳಿಗೊಂದು ಕನ್ನಡದ ಬಾಕಿ ಪಟ್ಟಿ. ಇಷ್ಟೇ! ಈ ಒಂದು ಹಾಳೆ ಆಮೇಲಿನ ಅರ್ಧ ಕೆಲಸವನ್ನು ಹಗುರ ಮಾಡಿತು.

ಪ್ರೋಗ್ರಾಮ್ ನಿಜವಾಗಿ ಬೇಕೆ?

ಮೊದಲು ಈ ಪ್ರಶ್ನೆ ಕೇಳಿಕೊಳ್ಳಿ. ಒಬ್ಬರದೇ ಮನೆ, ಒಂದೇ ಬೆಳೆ, ತಿಂಗಳಿಗೆ ಇಪ್ಪತ್ತು ಬರಹ ಅಂದರೆ ನೋಟ್‌ಬುಕ್ಕೇ ಸಾಕು. ಕರೆಂಟು ಬೇಡ, ಸಿಡಿಲಿನ ಭಯವಿಲ್ಲ. ಸ್ವಲ್ಪ ಹೆಚ್ಚಾದರೆ ಕೋಷ್ಟಕದ ತಂತ್ರಾಂಶ ಇದೆ. ಲಿಬ್ರೆ ಆಫೀಸ್ ಎಂಬ ಉಚಿತ ಕಟ್ಟಿನೊಳಗೆ ಕ್ಯಾಲ್ಕ್ ಅಂತ ಸಿಗುತ್ತದೆ. ಕೂಡುವುದು, ಕಳೆಯುವುದು, ಹೆಸರಿನ ಪ್ರಕಾರ ಜೋಡಿಸುವುದು ಎಲ್ಲ ಅದರಲ್ಲೇ ಆಗುತ್ತದೆ.

ನಾಲ್ಕಾರು ಜನ ಬಂದು ಬರೆಯುವಾಗ ತೊಂದರೆ ಶುರು. ಕೋಷ್ಟಕದಲ್ಲಿ ಯಾರೋ ಕೈತಪ್ಪಿ ಒಂದು ಮನೆಯ ಸೂತ್ರವನ್ನು ಅಳಿಸಿದರೆ ಲೆಕ್ಕ ಸದ್ದಿಲ್ಲದೆ ತಪ್ಪುತ್ತದೆ. ಪ್ರೋಗ್ರಾಮ್ ಆದರೆ ಬರೆಯಬೇಕಾದ ಜಾಗ ಬಿಟ್ಟು ಬೇರೆಲ್ಲೂ ಕೈ ಹಾಕಲು ಬಿಡುವುದಿಲ್ಲ. "ಗಂಟೆ ಮೂವತ್ತು" ಅಂತ ತಪ್ಪಿ ಹಾಕಿದರೆ "ದಿನಕ್ಕೆ ಇಷ್ಟು ಗಂಟೆ ಇಲ್ಲ" ಅಂತ ಹೇಳುತ್ತದೆ. ಹಂಚಿಕೆಯ ಲೆಕ್ಕಕ್ಕೆ ಈ ಕಾವಲು ಮುಖ್ಯ.

ಇಂಥ ಪ್ರೋಗ್ರಾಮಿಗೆ ಡೆಸ್ಕ್‌ಟಾಪ್ ಅಪ್ಲಿಕೇಶನ್ ಅಂತ ಹೆಸರು. ಮೇಜಿನ ಮೇಲಿನ ಕಂಪ್ಯೂಟರಿನಲ್ಲೇ ಕೂತಿರುತ್ತದೆ. ಇಂಟರ್ನೆಟ್ ಇರಲಿ ಬಿಡಲಿ ನಡೆಯುತ್ತದೆ. ಲೆಕ್ಕ ನಮ್ಮ ಮನೆಯಲ್ಲೇ ಉಳಿಯುತ್ತದೆ. ಇದು ನಮಗೆ ಹೊಸದೇನಲ್ಲ. 2000ದ ಆಸುಪಾಸಿನಲ್ಲಿ ನಮ್ಮ ತಾಲೂಕು ಕಚೇರಿಗಳಿಗೆ 'ಭೂಮಿ' ಬಂತಲ್ಲ, ಕೈಬರಹದ ಪಹಣಿ ಹೋಗಿ ಕಂಪ್ಯೂಟರ್ ಪಹಣಿ ಬಂತಲ್ಲ, ಅದೂ ಕಿಟಕಿಯಾಚೆ ಕೂತ ಕಂಪ್ಯೂಟರಿನ ಪ್ರೋಗ್ರಾಮೇ. ರಾಷ್ಟ್ರೀಯ ಮಾಹಿತಿ ಕೇಂದ್ರದವರು ವಿಷುವಲ್ ಬೇಸಿಕ್ ಎಂಬ ಭಾಷೆಯಲ್ಲಿ ಬರೆದದ್ದು. ಸುಮಾರು 67 ಲಕ್ಷ ಜಮೀನುದಾರರ 2 ಕೋಟಿ ಪಹಣಿಗಳು ಅದರೊಳಗೆ ಸೇರಿದವು. ಹಾಲಿನ ಡೇರಿಯಲ್ಲಿ ಕೊಬ್ಬಿನಂಶ ಅಳೆದ ಕೂಡಲೇ ಚೀಟಿ ಬರುವುದೂ ಇಂಥದ್ದೇ ಕೆಲಸ.

ಆರಿಸುವ ಮೊದಲು ನಾಲ್ಕು ಪ್ರಶ್ನೆ

ಮೇಷ್ಟ್ರು ಹಾಳೆಯ ಹಿಂಬದಿಯಲ್ಲಿ ನಾಲ್ಕು ಪ್ರಶ್ನೆ ಬರೆಸಿದರು. ಯಾವ ಭಾಷೆಯ ಹೆಸರು ಬಂದರೂ ಇವುಗಳ ಮುಂದೆ ನಿಲ್ಲಿಸಿ ನೋಡಿ ಅಂದರು.

1. ಕನ್ನಡ ಸರಿಯಾಗಿ ಬರೆಯುತ್ತದೆಯೆ?
2. ಕೆಟ್ಟರೆ ಸರಿಮಾಡುವವರು ನಮ್ಮ ಸುತ್ತಲಲ್ಲಿ ಇದ್ದಾರೆಯೆ?
3. ನಮ್ಮ ಹಳೇ ಕಂಪ್ಯೂಟರಿನಲ್ಲಿ, ಕಾಸು ಕೊಡದೆ ನಡೆಯುತ್ತದೆಯೆ?
4. ನಾಳೆ ಈ ಭಾಷೆಯನ್ನೇ ಬಿಟ್ಟರೂ ನಮ್ಮ ಲೆಕ್ಕ ಕೈಗೆ ವಾಪಸ್ ಸಿಗುತ್ತದೆಯೆ?

ನಾಲ್ಕನೆಯದೇ ಎಲ್ಲಕ್ಕಿಂತ ದೊಡ್ಡದು. ಭಾಷೆಗಳು ಬರುತ್ತವೆ, ಹೋಗುತ್ತವೆ. ಲೆಕ್ಕ ಉಳಿಯಬೇಕು. ವಿಷುವಲ್ ಬೇಸಿಕ್‌ನದೇ ಉದಾಹರಣೆ ನೋಡಿ. 1964ರಲ್ಲಿ ಅಮೆರಿಕದ ಡಾರ್ಟ್‌ಮತ್ ಕಾಲೇಜಿನ ಕೆಮೆನಿ, ಕರ್ಟ್ಸ್ ಎಂಬ ಇಬ್ಬರು ಮೇಷ್ಟ್ರುಗಳು ವಿಜ್ಞಾನ ಓದದ ವಿದ್ಯಾರ್ಥಿಗಳೂ ಕಲಿಯಲಿ ಅಂತ ಬೇಸಿಕ್ ಭಾಷೆ ಮಾಡಿದರು. ಅದರ ಮೊಮ್ಮಗನಂಥದ್ದು ವಿಷುವಲ್ ಬೇಸಿಕ್, 1991ರಲ್ಲಿ ಮೈಕ್ರೋಸಾಫ್ಟ್ ಹೊರತಂದದ್ದು. ಗುಂಡಿ, ಪಟ್ಟಿಗಳನ್ನು ಎಳೆದು ಪರದೆಯ ಮೇಲೆ ಇಟ್ಟರೆ ಅರ್ಧ ಪ್ರೋಗ್ರಾಮ್ ಆಯಿತು! 1998ರಲ್ಲಿ ಬಂದ ಆರನೇ ಆವೃತ್ತಿಯನ್ನು ನಮ್ಮಲ್ಲಿ ಸಾವಿರಾರು ಹುಡುಗರು ಕಲಿತರು. ನಮ್ಮ ಟಿಲ್ಲರ್ ಲೆಕ್ಕವೂ ಅದರಲ್ಲೇ ಇತ್ತು. 2008ರ ಏಪ್ರಿಲ್‌ನಲ್ಲಿ ಅದನ್ನು ಬರೆಯುವ ಉಪಕರಣಕ್ಕೆ ಕಂಪೆನಿಯ ಬೆಂಬಲ ನಿಂತಿತು. ಬರೆದಿಟ್ಟ ಪ್ರೋಗ್ರಾಮುಗಳು ಸಹಾಯಕ ಫೈಲು ಇದ್ದರೆ ಈಗಲೂ ವಿಂಡೋಸ್‌ನಲ್ಲಿ ಓಡುತ್ತವೆ. ಹೊಸದಾಗಿ ಕಲಿಯುವವರು ಅದನ್ನು ಹಿಡಿಯುವುದರಲ್ಲಿ ಅರ್ಥವಿಲ್ಲ.

ಕನ್ನಡದ ಪರೀಕ್ಷೆ

ಹೆಸರುಗಳು ಗೋಜಲಾದದ್ದು ಯಾಕೆ? ಹಿಂದೆ ಕಂಪ್ಯೂಟರಿಗೆ ಕನ್ನಡ ಅಕ್ಷರ ಅಂತ ಪ್ರತ್ಯೇಕ ಗುರುತೇ ಇರಲಿಲ್ಲ. ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚೂರುಗಳನ್ನು ಕೂರಿಸಿದ ಫಾಂಟು ಮಾಡಿಕೊಳ್ಳುತ್ತಿದ್ದರು. ಫಾಂಟು ಇದ್ದರೆ ಕನ್ನಡ, ಇಲ್ಲದಿದ್ದರೆ ಗೋಜಲು. ಆ ಕಾಲದಲ್ಲಿ ಕನ್ನಡ ಕಂಪ್ಯೂಟರಿಗೆ ಬಂದದ್ದೇ ಇಂಥ ದುಡಿಮೆಯಿಂದ. ಕೆ.ಪಿ. ರಾವ್ ಕೀಲಿಮಣೆಯ ವಿನ್ಯಾಸ ಕೊಟ್ಟರು, ಶೇಷಾದ್ರಿವಾಸು 1998ರಲ್ಲಿ 'ಬರಹ' ಕೊಟ್ಟರು, ಕನ್ನಡ ಗಣಕ ಪರಿಷತ್ತು 'ನುಡಿ' ಕೊಟ್ಟಿತು. ಅವರ ಉಪಕಾರ ಸಣ್ಣದಲ್ಲ.

ಯುನಿಕೋಡ್ ಎಂಬ ವ್ಯವಸ್ಥೆಯಲ್ಲಿ ಲೋಕದ ಬಹುತೇಕ ಲಿಪಿಗಳಿಗೆ ತಮ್ಮದೇ ಸಂಖ್ಯೆ ಇದೆ. ಕನ್ನಡಕ್ಕೆ ಅದರಲ್ಲಿ 1991ರ ಮೊದಲ ಆವೃತ್ತಿಯಲ್ಲೇ ಜಾಗ ಸಿಕ್ಕಿತು. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ 'ತುಂಗಾ' ಎಂಬ ಕನ್ನಡ ಫಾಂಟೂ ಬಂತು. ಯುನಿಕೋಡಿನಲ್ಲಿ ಬರೆದದ್ದನ್ನು ಇಂದು ಮೊಬೈಲಿನಲ್ಲೂ ಓದಬಹುದು, ಇಪ್ಪತ್ತು ವರ್ಷದ ಮೇಲೂ ಓದಬಹುದು. ಹಾಗಾಗಿ ಯಾವ ಭಾಷೆಯಾದರೂ ಸರಿ, ಯುನಿಕೋಡ್ ಅದರ ಹುಟ್ಟುಗುಣ ಆಗಿರಬೇಕು. ವಿಷುವಲ್ ಬೇಸಿಕ್ ಆರರ ಪರದೆಯ ಗುಂಡಿ, ಪಟ್ಟಿಗಳಿಗೆ ಅದು ಇರಲಿಲ್ಲ.

ಪರೀಕ್ಷೆ ಸುಲಭ. ಹೊಸ ಭಾಷೆಯಲ್ಲಿ ಒಂದು ಪುಟ್ಟ ಕಿಟಕಿ ತೆರೆದು "ಲಕ್ಷ್ಮಮ್ಮ, ಕೃಷ್ಣೇಗೌಡ, ಸ್ವಾತಂತ್ರ್ಯ" ಅಂತ ಬರೆಸಿ. ಒತ್ತಕ್ಷರ ಕೆಳಗೆ ಸರಿಯಾಗಿ ಕೂತರೆ ಪಾಸು. ಬಿಡಿಬಿಡಿಯಾಗಿ ಚೆಲ್ಲಿದರೆ ಅದು ಬೇಡ. ಆಮೇಲೆ ಮುಚ್ಚಿ, ಮತ್ತೆ ತೆರೆದು, ಮುದ್ರಿಸಿಯೂ ನೋಡಿ. ಕೆಲವು ಕಡೆ ಪರದೆಯಲ್ಲಿ ಸರಿ ಕಂಡದ್ದು ಕಾಗದದ ಮೇಲೆ ಕೆಡುತ್ತದೆ.

ಒಂದೊಂದಾಗಿ ನೋಡಿದ್ದು

ಸಿ: 1972ರ ಸುಮಾರಿಗೆ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಡೆನ್ನಿಸ್ ರಿಚಿ ರೂಪಿಸಿದ್ದು. ಇಂಜಿನಿಯರಿಂಗ್ ಕಾಲೇಜಿನಲ್ಲಿ ಮೊದಲು ಕಲಿಸುವುದು ಇದನ್ನೇ, ಹಾಗಾಗಿ ಬಲ್ಲವರು ಬಹಳ. ವೇಗದಲ್ಲಿ ಇದರ ಮುಂದೆ ನಿಲ್ಲುವವರು ಕಡಿಮೆ. ಆದರೆ ಗುಂಡಿ, ಕಿಟಕಿ ಮಾಡಲು ತುಂಬಾ ಹೆಣಗಬೇಕು, ನೆನಪಿನ ಜಾಗವನ್ನು ನಾವೇ ಕೊಟ್ಟು ನಾವೇ ಬಿಡಿಸಿಕೊಳ್ಳಬೇಕು. ಟಿಲ್ಲರ್ ಲೆಕ್ಕಕ್ಕೆ ಅಷ್ಟು ವೇಗ ಯಾಕೆ?

ಸಿ ಶಾರ್ಪ್: ಮೈಕ್ರೋಸಾಫ್ಟಿನದು. ವಿಷುವಲ್ ಬೇಸಿಕ್‌ನ ಹಾಗೇ ಗುಂಡಿ ಎಳೆದು ಇಡುವ ಸೌಕರ್ಯ ಇದೆ. ಕನ್ನಡಕ್ಕೆ ಅಡ್ಡಿಯಿಲ್ಲ. ವಿಷುವಲ್ ಸ್ಟುಡಿಯೋ ಕಮ್ಯುನಿಟಿ ಎಂಬ ಉಪಕರಣ ಒಬ್ಬೊಬ್ಬರ ಸ್ವಂತ ಬಳಕೆಗೆ ಉಚಿತ. ಕಂಪ್ಯೂಟರ್ ಹೊಸದಿದ್ದು ವಿಂಡೋಸ್ ಬಿಟ್ಟು ಬೇರೆ ಕಡೆ ಹೋಗುವುದಿಲ್ಲ ಅಂದರೆ ಇದು ಬಹಳ ಒಳ್ಳೆಯ ಆಯ್ಕೆ. ನಮ್ಮ ಅಡ್ಡಿ ಒಂದೇ: ಹಲವು ಗಿಗಾಬೈಟಿನ ಉಪಕರಣವನ್ನು ಇಳಿಸಿಕೊಳ್ಳಬೇಕು, ನಮ್ಮ ಹಳೇ ಯಂತ್ರ ಏದುಸಿರು ಬಿಟ್ಟಿತು.

ಜಾವಾ: 1995ರಲ್ಲಿ ಬಂತು. ವಿಂಡೋಸ್, ಲಿನಕ್ಸ್ ಎರಡರಲ್ಲೂ ಓಡುತ್ತದೆ. ಕಲಿತವರು ಊರೂರಲ್ಲಿ ಸಿಗುತ್ತಾರೆ. ಸಣ್ಣ ಕೆಲಸಕ್ಕೂ ಉದ್ದ ಬರೆಯಬೇಕು. ಶುರುವಿನಲ್ಲೇ ಮಕ್ಕಳಿಗೆ ಬೇಸರ ಹುಟ್ಟೀತು.

ಲಾಜರಸ್: 1970ರಲ್ಲಿ ನಿಕ್ಲಾಸ್ ವಿರ್ತ್ ಎಂಬ ಸ್ವಿಸ್ ಪ್ರಾಧ್ಯಾಪಕರು ಕಲಿಸುವುದಕ್ಕೆಂದೇ ಮಾಡಿದ ಪಾಸ್ಕಲ್ ಭಾಷೆಗೆ ಈಗಿನ ಉಚಿತ ಉಪಕರಣ. ಹಗುರ. ಗುಂಡಿ ಎಳೆದು ಇಡಬಹುದು. ಬರೆದು ಮುಗಿಸಿದರೆ ಒಂದು ಫೈಲು ತಯಾರು, ಅದನ್ನು ಪೆನ್ ಡ್ರೈವಿನಲ್ಲಿ ಒಯ್ದು ಎಲ್ಲಿ ಬೇಕಾದರೂ ಓಡಿಸಬಹುದು. ಬಡ ಕಂಪ್ಯೂಟರಿಗೆ ಹೇಳಿ ಮಾಡಿಸಿದ ಹಾಗಿದೆ. ಆದರೆ ನಮ್ಮ ಎರಡನೇ ಪ್ರಶ್ನೆಯಲ್ಲಿ ನಪಾಸು. ಅದನ್ನು ಬಲ್ಲವರು ಮೇಷ್ಟ್ರು ಬಿಟ್ಟರೆ ಇನ್ನೊಬ್ಬರು ನಮಗೆ ಸಿಗಲಿಲ್ಲ.

ಜಾವಾಸ್ಕ್ರಿಪ್ಟ್: ವೆಬ್ ಪುಟಗಳ ಭಾಷೆ. ಎಲೆಕ್ಟ್ರಾನ್ ಎಂಬುದರ ಜೊತೆ ಸೇರಿಸಿ ಡೆಸ್ಕ್‌ಟಾಪಿಗೂ ಬರೆಯಬಹುದು. ಮನೆಯಲ್ಲಿ ಯಾರಾದರೂ ವೆಬ್ ಪುಟ ಮಾಡಲು ಕಲಿತಿದ್ದರೆ ದಾರಿ ಸಲೀಸು. ಒಂದು ತೊಂದರೆ, ಪ್ರತಿ ಪ್ರೋಗ್ರಾಮೂ ಒಂದು ಇಡೀ ಬ್ರೌಸರನ್ನು ಬೆನ್ನ ಮೇಲೆ ಹೊತ್ತುಕೊಂಡೇ ಬರುತ್ತದೆ. ಬಾಕಿ ಪಟ್ಟಿಗೆ ನೂರು ಮೆಗಾಬೈಟಿಗೂ ಮೇಲೆ ಜಾಗ!

ಪೈಥಾನ್: 1991ರಲ್ಲಿ ನೆದರ್‌ಲೆಂಡ್ಸಿನ ಗೀಡೋ ವಾನ್ ರೋಸಮ್ ಹೊರತಂದರು. ಉಚಿತ. ಈಗ ಶಾಲೆ, ಕಾಲೇಜು, ಕಂಪೆನಿ ಎಲ್ಲೆಡೆ ಇದರದೇ ಮಾತು. ಹಾಗಾಗಿ ಕೇಳಿ ತಿಳಿದುಕೊಳ್ಳಲು ಜನ ಸಿಗುತ್ತಾರೆ.

ಪೈಥಾನ್ ಹಿಡಿದದ್ದು ಯಾಕೆ?

ಒಂದು, 2008ರಲ್ಲಿ ಬಂದ ಮೂರನೇ ಪೈಥಾನಿನಲ್ಲಿ ಬರಹವೆಲ್ಲ ಯುನಿಕೋಡೇ. ಅಷ್ಟೇ ಅಲ್ಲ, ನಾವು ಇಡುವ ಹೆಸರುಗಳನ್ನು ಕನ್ನಡದಲ್ಲೇ ಇಡಬಹುದು. ನಮ್ಮ ಪ್ರೋಗ್ರಾಮಿನ ಒಂದು ಸಾಲು ಹೀಗಿದೆ:

ಬಾಡಿಗೆ = ಗಂಟೆ * ದರ

ಇದು ವಿವರಣೆಯಲ್ಲ, ಕಂಪ್ಯೂಟರ್ ನಡೆಸುವ ನಿಜವಾದ ಸಾಲು. ನಡುವಿನ ನಕ್ಷತ್ರ ಅಂದರೆ ಗುಣಾಕಾರ. ಅಂಕಿಯನ್ನು ಕನ್ನಡದಲ್ಲಿ ೧೨ ಅಂತ ಟೈಪ್ ಮಾಡಿದರೂ ಅದನ್ನು ಹನ್ನೆರಡು ಅಂತ ಪರಿವರ್ತಿಸಿಕೊಳ್ಳುತ್ತದೆ. ಭಾಷೆಗೆ ಮೀಸಲಾದ ಇಂಗ್ಲಿಷ್ ಪದಗಳು ಇರುವುದು ಮೂವತ್ತೈದು. ಅದರಲ್ಲೂ ದಿನಬಳಕೆಗೆ ಬೇಕಾದ್ದು ಹದಿನೈದು ಇಪ್ಪತ್ತು. ಇಂಗ್ಲಿಷ್ ಕಷ್ಟ ಅನ್ನುವ ಹಳ್ಳಿ ಮಕ್ಕಳಿಗೆ ಇದು ಸಣ್ಣ ಧೈರ್ಯವಲ್ಲ.

ಎರಡು, ಕಿಟಕಿ, ಗುಂಡಿ ಮಾಡಲು ಬೇಕಾದ ಟಿಕಿಂಟರ್ ಎಂಬ ಭಾಗ ವಿಂಡೋಸ್‌ನ ಪೈಥಾನ್ ಜೊತೆಗೇ ಬರುತ್ತದೆ. ನೋಡಲು ಅಂದ ಕಡಿಮೆ. ಕೆಲಸಕ್ಕೆ ಅಡ್ಡಿಯಿಲ್ಲ. ಲಿನಕ್ಸಿನಲ್ಲಿ ಬಳಸುವವರು ಮಾತ್ರ ಮೊದಲೇ ಒತ್ತಕ್ಷರದ ಪರೀಕ್ಷೆ ಮಾಡಿ. ಕೆಡುವುದಾದರೆ ಕ್ಯೂಟಿ ಎಂಬ ಇನ್ನೊಂದು ಭಾಗ ಇದೆ. ಅದರಲ್ಲಿ ಕನ್ನಡ ಸರಿಯಾಗಿ ಕೂರುತ್ತದೆ.

ಮೂರು, ಎಸ್‌ಕ್ಯೂಲೈಟ್. ನಾಲ್ಕನೇ ಪ್ರಶ್ನೆಗೆ ಉತ್ತರ ಇದೇ. 2000ದಲ್ಲಿ ರಿಚರ್ಡ್ ಹಿಪ್ ಎಂಬವರು ಬರೆದ ಲೆಕ್ಕದ ಕಣಜ. ಇಡೀ ಲೆಕ್ಕ ಒಂದೇ ಫೈಲಿನಲ್ಲಿರುತ್ತದೆ. ಯಾರ ಹಕ್ಕುಸ್ವಾಮ್ಯವೂ ಇಲ್ಲ. ನಿಮ್ಮ ಆಂಡ್ರಾಯ್ಡ್ ಮೊಬೈಲಿನೊಳಗೂ ಇದೇ ಕೂತಿದೆ. 2050ರವರೆಗೆ ನೋಡಿಕೊಳ್ಳುತ್ತೇವೆ ಅನ್ನುವುದು ಅದನ್ನು ಬರೆಯುವವರ ಸಂಕಲ್ಪ. ಪೈಥಾನಿನಲ್ಲಿ ಇದು 2006ರಿಂದ ಒಳಗೇ ಸೇರಿದೆ. ಮುಖ್ಯ ಮಾತು ಏನೆಂದರೆ ಈ ಫೈಲನ್ನು ಸಿ ಶಾರ್ಪ್, ಜಾವಾ, ಲಾಜರಸ್ ಯಾವುದರಿಂದಲೂ ತೆರೆಯಬಹುದು. ನಾಳೆ ಪೈಥಾನ್ ಹಳತಾದರೂ ಲೆಕ್ಕ ಎಲ್ಲೂ ಹೋಗದು. "ಪಂಪ್‌ಸೆಟ್ ಬದಲಾಯಿಸ್ಬೋದು, ಬಾವಿ ನಿಮ್ದೇ ಆಗಿರ್ಬೇಕು" ಅಂದರು ಮೇಷ್ಟ್ರು.

ದೋಷ ಇಲ್ಲವೆ? ಇದೆ. ಪೈಥಾನ್ ಉಳಿದವಕ್ಕಿಂತ ನಿಧಾನ. ಸಾಲಿನ ಎಡಗಡೆ ಬಿಡುವ ಖಾಲಿ ಜಾಗವೇ ಅದರ ವ್ಯಾಕರಣ, ಒಂದು ಕಡೆ ಹೆಚ್ಚುಕಮ್ಮಿ ಆದರೂ ನಿಲ್ಲುತ್ತದೆ. ಬೇರೆಯವರ ಕಂಪ್ಯೂಟರಿಗೆ ಕೊಡುವಾಗ ಪ್ರೋಗ್ರಾಮನ್ನು ಒಂದೇ ಫೈಲಾಗಿ ಕಟ್ಟುವ ಕೆಲಸ ಬೇರೆ ಇದೆ. ಹಾಗೆ ಕಟ್ಟಿದ್ದನ್ನು ಕೆಲವು ವೈರಸ್ ನಿರೋಧಕಗಳು ಸುಮ್ಮನೆ ಅನುಮಾನಿಸುತ್ತವೆ. ಹಳೇ ವಿಂಡೋಸ್ 7 ಇರುವವರಿಗೆ ಪೈಥಾನ್ 3.8ರ ನಂತರದ್ದು ಹಿಡಿಯುವುದಿಲ್ಲ. ಎರಡನೇ ಪೈಥಾನಿನ ಬೆಂಬಲ 2020ರ ಜನವರಿ 1ಕ್ಕೇ ಮುಗಿದಿದೆ, ಹಳೇ ಪುಸ್ತಕ ಕೊಳ್ಳುವಾಗ ಮೂರನೆಯದೇ ಹೌದಾ ನೋಡಿಕೊಳ್ಳಿ. ವಿಂಡೋಸ್ 10ಕ್ಕೂ ಕಂಪೆನಿಯ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತಿತು. ನಮ್ಮ ಲೆಕ್ಕದ ಯಂತ್ರಕ್ಕೆ ಇಂಟರ್ನೆಟ್ ಕೊಟ್ಟಿಲ್ಲ.

ಕೆಲಸ ನಡೆದ ಬಗೆ

ಹನ್ನೊಂದು ಭಾನುವಾರ ಹಿಡಿಯಿತು. ಮೊದಲ ಮೂರು ಭಾನುವಾರ ಕಿಟಕಿಯೂ ಇಲ್ಲ, ಗುಂಡಿಯೂ ಇಲ್ಲ. ಬರೀ ಗಂಟೆ, ದರ, ಗುಣಾಕಾರ. ನಾಲ್ಕನೇ ವಾರ ಪರದೆಯ ಮೇಲೆ 'ಉಳಿಸಿ' ಎಂಬ ಗುಂಡಿ ಬಂದಾಗ ಹುಡುಗಿಯ ಮುಖ ನೋಡಬೇಕಿತ್ತು! ಎಂಟನೇ ವಾರಕ್ಕೆ ಬಾಕಿ ಪಟ್ಟಿ ಬಂತು. ಉಳಿದ ವಾರಗಳೆಲ್ಲ ತಪ್ಪು ಹುಡುಕುವುದಕ್ಕೆ. ಒಟ್ಟು ಮುನ್ನೂರು ಸಾಲಿನ ಪ್ರೋಗ್ರಾಮ್. ಖರ್ಚು ಬಸ್ ಚಾರ್ಜು, ಟೀ, ಒಂದು ಪೆನ್ ಡ್ರೈವ್. ಮೇಷ್ಟ್ರು ಹಣ ಮುಟ್ಟಲಿಲ್ಲ. ಮನೆಯಲ್ಲಿ ಬೆಳೆದ ರಸಬಾಳೆಯ ಒಂದು ಗೊನೆ ಕೊಟ್ಟು ಬಂದೆವು.

ಕಲಿಯುವಾಗ ಮೇಷ್ಟ್ರು ಬಿಡದೆ ಹೇಳಿದ ಕೆಲವು ಮಾತು, ಬರೆದಿಟ್ಟುಕೊಳ್ಳಿ:

ಹಣವನ್ನು ಪೈಸೆಯಲ್ಲಿ ಇಡಿ. 450 ರೂಪಾಯಿಯನ್ನು 45000 ಪೈಸೆ ಅಂತ ಪೂರ್ಣಾಂಕವಾಗಿ ಉಳಿಸಿ, ತೋರಿಸುವಾಗ ಮಾತ್ರ ರೂಪಾಯಿ ಮಾಡಿ. ದಶಾಂಶದ ಅಂಕಿಯನ್ನು ಕಂಪ್ಯೂಟರ್ ಒಳಗೆ ಅಂದಾಜಿನಲ್ಲಿ ಇಡುತ್ತದೆ. ಕೂಡುತ್ತಾ ಹೋದರೆ ಪೈಸೆ ವ್ಯತ್ಯಾಸ ಬರುತ್ತದೆ. ಹಂಚಿಕೆಯ ಲೆಕ್ಕದಲ್ಲಿ ಹತ್ತು ಪೈಸೆ ತಪ್ಪಿದರೂ ನಂಬಿಕೆ ಹೋಗುತ್ತದೆ.

ತಾರೀಕನ್ನು ವರ್ಷ, ತಿಂಗಳು, ದಿನ ಎಂಬ ಕ್ರಮದಲ್ಲಿ ಇಡಿ. 2025-07-05 ಅಂತ ಬರೆದರೆ ತಾನಾಗಿಯೇ ಹಿಂದುಮುಂದು ಜೋಡಿಸಿಕೊಳ್ಳುತ್ತದೆ.

ಬರೆದದ್ದನ್ನು ಅಳಿಸುವ ಗುಂಡಿ ಬೇಡ. ತಪ್ಪಾದರೆ ತಿದ್ದುಪಡಿ ಅಂತ ಇನ್ನೊಂದು ಸಾಲು ಸೇರಿಸಿ. ಸೊಸೈಟಿ ಲೆಕ್ಕದ ಹಾಗೆ, ಮೊದಲು ಏನಿತ್ತು ಅಂತ ಕಾಣುತ್ತಿರಬೇಕು.

ಪ್ರೋಗ್ರಾಮ್ ಮುಚ್ಚಿದ ಮೇಲೆ ಲೆಕ್ಕದ ಫೈಲಿನ ನಕಲು ವಾರಕ್ಕೊಮ್ಮೆ ಪೆನ್ ಡ್ರೈವಿಗೆ. ಆ ಪೆನ್ ಡ್ರೈವ್ ಇನ್ನೊಬ್ಬರ ಮನೆಯಲ್ಲಿರಲಿ. ಮಳೆ ಗುಡುಗು ಬಂದರೆ ಪ್ಲಗ್ ಕೀಳುವುದು ಮರೆಯಬೇಡಿ.

ಮೂಲ ಬರಹದ ಮುದ್ರಿತ ಪ್ರತಿಯನ್ನು ಗುಂಪಿನ ಕಡತದಲ್ಲಿಡಿ. ಪ್ರತಿ ಭಾಗದ ಮೇಲೆ ಕನ್ನಡದಲ್ಲಿ ಎರಡು ಸಾಲು ವಿವರಣೆ ಇರಲಿ.

ಇಬ್ಬರು ಕಲಿಯಿರಿ. ಇದು ಎಲ್ಲಕ್ಕಿಂತ ದೊಡ್ಡ ಮಾತು. ಹುಡುಗಿ ಈಗ ಪದವಿ ಓದಲು ಮೈಸೂರು ಸೇರಿದ್ದಾಳೆ. ನಾಳೆ ಕೆಲಸ, ಮದುವೆ ಅಂತ ಎಲ್ಲಿಗೋ ಹೋಗುತ್ತಾಳೆ, ಹೋಗಲೇಬೇಕು. ಹಿಂದಿನ ಹುಡುಗನೂ ಹೀಗೇ ಹೋದ. ಮಕ್ಕಳು ಊರಲ್ಲಿ ಉಳಿಯಲಿಲ್ಲ ಅಂತ ಅವರನ್ನು ದೂರುವುದು ಸರಿಯಲ್ಲ. ಅವರ ಕೈಯಲ್ಲಿದ್ದ ಕೆಲಸ ಊರಲ್ಲಿ ಉಳಿಯುವ ಹಾಗೆ ಮಾಡಿಕೊಳ್ಳುವುದು ನಮ್ಮ ಹೊಣೆ. ಐವತ್ತು ದಾಟಿದ ನಾನು ಹೊಸದಾಗಿ ಬರೆಯುವಷ್ಟು ಕಲಿತಿಲ್ಲ. ಆದರೆ ಬರೆದದ್ದನ್ನು ಓದಬಲ್ಲೆ, ದರ ಬದಲಾಯಿಸಬಲ್ಲೆ, ಹೊಸ ಯಂತ್ರ ಸೇರಿಸಬಲ್ಲೆ. ಬದಲಾವಣೆ ಮಾಡುವ ಮೊದಲು ನಕಲು ತೆಗೆದಿಡುತ್ತೇನೆ.

ಈಗ ಕೃತಕ ಬುದ್ಧಿಮತ್ತೆಯ ತಂತ್ರಾಂಶಗಳು ಕೇಳಿದ ಪ್ರೋಗ್ರಾಮ್ ಬರೆದುಕೊಡುತ್ತವಲ್ಲ, ಕಲಿಯುವ ಶ್ರಮ ಯಾಕೆ ಅನ್ನುವವರಿದ್ದಾರೆ. ಬಳಸಬಾರದು ಅಂತಿಲ್ಲ. ಸಿಕ್ಕಿಕೊಂಡಾಗ ನಮ್ಮ ಹುಡುಗಿಯೂ ಕೇಳುತ್ತಾಳೆ. ಆದರೆ ಅದು ಕೊಟ್ಟದ್ದು ಸರಿಯೋ ತಪ್ಪೋ ನೋಡಲು ಓದಲು ಬರಬೇಕು. ಓದಲಾರದ ಪ್ರೋಗ್ರಾಮ್ ಯಾರು ಬರೆದುಕೊಟ್ಟರೂ ಅಷ್ಟೇ, ಕೆಟ್ಟ ದಿನ ನಾವು ಮತ್ತೆ ಕೈಕಟ್ಟಿ ಕೂರಬೇಕಾಗುತ್ತದೆ.

ಮಕ್ಕಳಿಗೆ ಎಲ್ಲಿಂದ ಶುರು?

ಹತ್ತು ಹನ್ನೆರಡು ವರ್ಷದ ಮಕ್ಕಳಿದ್ದರೆ ಲೆಕ್ಕದ ಪ್ರೋಗ್ರಾಮಿಗೆ ಎಳೆಯಬೇಡಿ. 1967ರಲ್ಲಿ ಸೀಮೂರ್ ಪೇಪರ್ಟ್ ಮತ್ತು ಸಂಗಡಿಗರು ಮಕ್ಕಳಿಗಾಗಿ ಲೋಗೊ ಎಂಬ ಭಾಷೆ ಮಾಡಿದರು. ಪರದೆಯ ಮೇಲೊಂದು ಆಮೆ. ಮುಂದೆ ಹೋಗು, ಬಲಕ್ಕೆ ತಿರುಗು ಅಂದರೆ ಗೆರೆ ಎಳೆಯುತ್ತಾ ಹೋಗುತ್ತದೆ. ಯು.ಬಿ. ಪವನಜ ಇದನ್ನು ಕನ್ನಡಕ್ಕೆ ತಂದು ಆಜ್ಞೆಗಳನ್ನೆಲ್ಲ ಕನ್ನಡದಲ್ಲೇ ಕೊಡುವ ಹಾಗೆ ಮಾಡಿದರು. ಪೈಥಾನಿನೊಳಗೂ ಇಂಥದ್ದೇ ಆಮೆ ಇದೆ. ಚೌಕ, ತ್ರಿಕೋನ ಬರೆಯುತ್ತಾ ಮಗುವಿಗೆ ಆಸಕ್ತಿ ಹತ್ತಿದರೆ ಮುಂದಿನದು ತಾನಾಗಿ ಬರುತ್ತದೆ. ಹತ್ತದಿದ್ದರೆ ಬಲವಂತ ಬೇಡ.

ದೊಡ್ಡವರಿಗೆ ನನ್ನ ಸಲಹೆ ಇಷ್ಟು. ಮೊದಲು ಹಾಳೆಯಲ್ಲಿ ಲೆಕ್ಕ ಬರೆಯಿರಿ. ಒಂದು ಬೆಳೆ ಕಾಲ ಕೋಷ್ಟಕದಲ್ಲಿ ನಡೆಸಿ. ಸಾಲದು ಅನಿಸಿದರೆ ಮಾತ್ರ ಭಾಷೆ ಹುಡುಕಿ. ಹತ್ತಿರದಲ್ಲಿ ಸಿ ಶಾರ್ಪ್ ಬಲ್ಲ ನೆಂಟರಿದ್ದು ಕಂಪ್ಯೂಟರ್ ಚೆನ್ನಾಗಿದ್ದರೆ ಅದೇ ನಿಮ್ಮ ಭಾಷೆ. ಯಂತ್ರ ತೀರಾ ಹಳತು, ಹೇಳಿಕೊಡುವವರಿದ್ದಾರೆ ಅಂದರೆ ಲಾಜರಸ್. ಯಾರೂ ಇಲ್ಲ, ಸೊನ್ನೆಯಿಂದ ಶುರು ಅಂದರೆ ಪೈಥಾನ್. ಯಾವುದೇ ಆದರೂ ಹೆಸರುಗಳು ಯುನಿಕೋಡಿನಲ್ಲಿರಲಿ, ಲೆಕ್ಕದ ಫೈಲು ಯಾರು ಬೇಕಾದರೂ ತೆರೆಯುವಂಥದ್ದಾಗಿರಲಿ, ಬಲ್ಲವರು ಇಬ್ಬರಿರಲಿ.

ನಮ್ಮ ಬಾಕಿ ಪಟ್ಟಿ ಪ್ರತಿ ತಿಂಗಳು 5ನೇ ತಾರೀಕು ಹಾಲಿನ ಡೇರಿಯ ಗೋಡೆಗೆ ಅಂಟುತ್ತದೆ. ಯಾರು ಬೇಕಾದರೂ ನೋಡಬಹುದು, ತಪ್ಪಿದ್ದರೆ ಅಲ್ಲೇ ಪೆನ್ನಿನಲ್ಲಿ ಗುರುತು ಹಾಕಬಹುದು. ಹಳೆಯ ಬಾಕಿಯ ಎರಡು ಮನೆಯವರು ಫೈಲಿನಿಂದ ಸಿಕ್ಕ ಅಂಕಿಗೆ ಒಪ್ಪಿ ಮೂರು ಕಂತಿನಲ್ಲಿ ತೀರಿಸಿಕೊಂಡರು. ಈ ಸಲ ಕಾರ್ ಭತ್ತಕ್ಕೆ ಒಂಬತ್ತು ಮನೆಯ ಗದ್ದೆಗೂ ಅದೇ ಟಿಲ್ಲರ್ ಇಳಿದಿದೆ.

ಒಟ್ಟಿನ ಯಂತ್ರ ಇಟ್ಟುಕೊಂಡ ಬೇರೆ ಗುಂಪುಗಳು ಲೆಕ್ಕ ಹೇಗೆ ಇಡುತ್ತೀರಿ? ನೋಟ್‌ಬುಕ್ಕೋ, ಕೋಷ್ಟಕವೋ, ಪ್ರೋಗ್ರಾಮೋ? ಪತ್ರಿಕೆಗೆ ಬರೆಯಿರಿ. ನಮ್ಮ ಮುನ್ನೂರು ಸಾಲು ಬೇಕೆನ್ನುವವರು ಸ್ವವಿಳಾಸದ ಲಕೋಟೆ ಜೊತೆ ಪತ್ರಿಕೆಯ ಮೂಲಕ ಕೇಳಿದರೆ ಮುದ್ರಿತ ಪ್ರತಿ ಕಳಿಸುತ್ತೇವೆ. ಹೆಸರು, ದರ ಬದಲಾಯಿಸಿಕೊಂಡರೆ ನಿಮ್ಮ ಊರಿಗೂ ಹೊಂದೀತು.